ಜೌಗಿನಲ್ಲಿ ದಾರಿ ಕಟ್ಟಿದವರು

ಬೆಟ್ಟದಲ್ಲಿ ದಾರಿ ತಾನಾಗಿ ಮೂಡುತ್ತದೆ. ನಾಲ್ಕು ಜನ ಓಡಾಡಿದರೆ, ದನಕರು ಹತ್ತಿಳಿದರೆ ಹುಲ್ಲು ಸವೆದು ಜಾಡು ಬೀಳುತ್ತದೆ. ಜೌಗುನೆಲದಲ್ಲಿ ಜನ ನಡೆದಷ್ಟೂ ದಾರಿ ಕೆಡುತ್ತದೆ. ಮೊದಲು ಹೋದವನ ಪಾದ ನೆನೆದರೆ ಹತ್ತನೆಯವನ ಕಾಲು ಮೊಣಕಾಲುದ್ದ ಹೂತುಹೋಗುತ್ತದೆ. ಹಾಗಾಗಿ ತಗ್ಗುನಾಡಿನ ಕಾಲುದಾರಿ ಎಂದರೆ ಯಾರೋ ಮರ ಕಡಿದು, ಗೂಟ ಬಡಿದು, ಮಣ್ಣು ಹೊತ್ತು ಕಟ್ಟಿದ ದಾರಿ. ಕಟ್ಟಿದರೆ ಸಾಲದು, ವರ್ಷವರ್ಷವೂ ದುರಸ್ತಿ ಮಾಡುತ್ತಿರಬೇಕು. ಇಂಗ್ಲೆಂಡಿನ ನೈರುತ್ಯ ಭಾಗದ ಸಾಮರ್ಸೆಟ್ ಲೆವೆಲ್ಸ್ ಎಂಬ ಬಯಲಿನಲ್ಲಿ ಈ ಕೆಲಸಕ್ಕೆ 5,800 ವರ್ಷಗಳ ಇತಿಹಾಸವಿದೆ. ಇವತ್ತು ಬೆನ್ನಿಗೆ ಚೀಲ ಏರಿಸಿ, ಕೊರಳಿಗೆ ದುರ್ಬೀನು ಹಾಕಿಕೊಂಡು ಅಲ್ಲಿಗೆ ಚಾರಣಕ್ಕೆ ಬರುವವರು ಇಡುವ ಒಂದೊಂದು ಹೆಜ್ಜೆಯ ಅಡಿಯಲ್ಲೂ ಯಾರದೋ ಬೆವರಿದೆ.

ಬಯಲಿನ ವಿಸ್ತಾರ ಸುಮಾರು 650 ಚದರ ಕಿಲೋಮೀಟರ್. ಉತ್ತರಕ್ಕೆ ಮೆಂಡಿಪ್ ಗುಡ್ಡಸಾಲು, ಪಶ್ಚಿಮಕ್ಕೆ ಕ್ವಾಂಟಾಕ್ ಗುಡ್ಡಗಳು ಮತ್ತು ಬ್ರಿಸ್ಟಲ್ ಚಾನೆಲ್ ಎಂಬ ಕಡಲತೋಳು, ನಡುವೆ ಬೆನ್ನೆಲುಬಿನ ಹಾಗೆ ಪೋಲ್ಡನ್ ದಿಬ್ಬ. ಆಕ್ಸ್, ಬ್ರೂ, ಟೋನ್, ಪ್ಯಾರೆಟ್ ಎಂಬ ನದಿಗಳು ಇದರೊಳಗಿಂದ ಮೆಲ್ಲಗೆ ಹರಿದು ಕಡಲಿಗೆ ಸೇರುತ್ತವೆ. ಸೇರಬೇಕು, ಆದರೆ ಅಷ್ಟು ಸುಲಭವಾಗಿ ಸೇರಲಾರವು. ಕಡಲಂಚಿನ ಜೇಡಿಮಣ್ಣಿನ ಪಟ್ಟಿ ಒಳನಾಡಿಗಿಂತ ಎತ್ತರ. ಬ್ರಿಸ್ಟಲ್ ಚಾನೆಲ್‌ನ ಉಬ್ಬರವೋ ಜಗತ್ತಿನಲ್ಲೇ ಅತಿ ದೊಡ್ಡ ಉಬ್ಬರಗಳಲ್ಲಿ ಒಂದು. ಉಬ್ಬರ ಏರಿದಾಗ ಕಡಲಿನ ಮಟ್ಟ ಒಳಗಿನ ಹುಲ್ಲುಗಾವಲಿಗಿಂತ ಮೇಲಿರುತ್ತದೆ. ಹೊರಗೆ ಹೋಗಬೇಕಾದ ಮಳೆನೀರು ಒಳಗೇ ನಿಂತು ಹರಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಸರೋವರ, ಬೇಸಿಗೆಯಲ್ಲಿ ಮೇವಿನ ಬಯಲು: ಶತಮಾನಗಳ ಕಾಲ ಲೆವೆಲ್ಸ್ ಇದ್ದದ್ದು ಹೀಗೆ. ಅಲ್ಲಲ್ಲಿ ನಾಲ್ಕಾರು ಮೀಟರ್ ಎತ್ತರದ ದಿಣ್ಣೆಗಳಿವೆ. ವೆಸ್ಟ್‌ಹೇ, ಮಿಯರ್, ಗಾಡ್ನಿ, ಅಥೆಲ್ನಿ, ಮಚಲ್ನಿ ಮೊದಲಾದ ಊರುಗಳು ಇಂಥ ದಿಣ್ಣೆಗಳ ಮೇಲಿವೆ. ನೀರು ಏರಿದರೆ ಅವೆಲ್ಲ ನಡುಗಡ್ಡೆಗಳು.

ಹೀಗೆ ನಿಂತ ನೀರಿನಲ್ಲಿ ಸತ್ತ ಜೊಂಡು, ಪಾಚಿ, ಎಲೆ, ಕಡ್ಡಿಗಳಿಗೆ ಗಾಳಿ ತಾಗುವುದಿಲ್ಲ. ಗಾಳಿಯಿಲ್ಲದ ಕಡೆ ಕೊಳೆಯುವಿಕೆ ತೀರ ನಿಧಾನ. ಪದರದ ಮೇಲೆ ಪದರ ಕೂತು ಸಾವಿರಾರು ವರ್ಷಗಳಲ್ಲಿ ಮೀಟರುಗಟ್ಟಲೆ ದಪ್ಪದ ಕಂದು ನೆಲವಾಗುತ್ತದೆ. ಇದೇ ಪೀಟ್. ಒಣಗಿಸಿದರೆ ಒಲೆಗೆ ಉರುವಲು. ಪುಡಿ ಮಾಡಿದರೆ ಹೂಕುಂಡಕ್ಕೆ ಗೊಬ್ಬರದ ಮಣ್ಣು. ಲೆವೆಲ್ಸ್‌ನ ಹಳೆಯ ಹಾದಿಗಳು ಮತ್ತೆ ಬೆಳಕು ಕಂಡದ್ದು ಈ ಪೀಟ್ ಅಗೆಯುವವರ ಗುದ್ದಲಿಯಿಂದ.

1970ರಲ್ಲಿ ರೇ ಸ್ವೀಟ್ ಎಂಬ ಪೀಟ್ ಕೆಲಸಗಾರ ಶಾಪ್‌ವಿಕ್ ಬಳಿ ಕಾಲುವೆಯೊಂದರ ಹೂಳು ತೆಗೆಯುತ್ತಿದ್ದಾಗ ಗುದ್ದಲಿ ಗಟ್ಟಿ ಹಲಗೆಯೊಂದಕ್ಕೆ ತಾಗಿತು. ಪೀಟ್‌ನಲ್ಲಿ ಮರದ ಬೊಡ್ಡೆ ಸಿಗುವುದು ಹೊಸದಲ್ಲ. ಆದರೆ ಇದು ಸೀಳಿ ಹದ ಮಾಡಿದ ಹಲಗೆ, ಅದೂ ಅಷ್ಟು ಆಳದಲ್ಲಿ. ಆತ ಅದನ್ನು ಎಸೆಯಲಿಲ್ಲ. ಒಂದು ತುಂಡನ್ನು ತನ್ನ ಕಂಪನಿಯವರಿಗೆ ತಲುಪಿಸಿದ. ಅಲ್ಲಿಂದ ಅದು ಕೇಂಬ್ರಿಜ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಜಾನ್ ಕೋಲ್ಸ್ ಅವರ ಕೈಸೇರಿತು. ಸಂಶೋಧಕರು ಬಂದು ಅಗೆದಾಗ ಹಲಗೆ ಮುಂದುವರಿಯಿತು, ಅದರ ಮುಂದೆ ಇನ್ನೊಂದು, ಮತ್ತೊಂದು. ಪೋಲ್ಡನ್ ದಿಬ್ಬದ ಬುಡದಿಂದ ಎದುರಿನ ವೆಸ್ಟ್‌ಹೇ ದಿಣ್ಣೆಯವರೆಗೆ ಸುಮಾರು 1,800 ಮೀಟರ್ ಉದ್ದಕ್ಕೆ ಜೊಂಡಿನ ಜೌಗಿನ ಮೇಲೆ ಹಾಸಿದ ಕಾಲುದಾರಿ ಅದು. ಕಂಡವನ ಹೆಸರನ್ನೇ ಅದಕ್ಕಿಟ್ಟು ಸ್ವೀಟ್ ಟ್ರ್ಯಾಕ್ ಎಂದು ಕರೆದರು. ರಾಜರ, ಸರದಾರರ ಹೆಸರಿನ ದಾರಿಗಳು ಎಲ್ಲ ದೇಶದಲ್ಲೂ ಇವೆ. ಕಾಲುವೆ ತೋಡುವ ಕೂಲಿಯ ಹೆಸರಿನ ದಾರಿ ಅಪರೂಪ, ಮತ್ತು ಈ ದಾರಿಗೆ ಅದೇ ಸರಿಯಾದ ಹೆಸರು.

ಕಟ್ಟಿದ ಕ್ರಮ ನೋಡಿದರೆ ಅವರ ಜಾಣ್ಮೆ ತಿಳಿಯುತ್ತದೆ. ಮೊದಲು ಹೇಝಲ್, ಆಲ್ಡರ್, ಆ್ಯಶ್ ಮರಗಳ ಉದ್ದನೆಯ ಗಳಗಳನ್ನು ನೀರಿನಲ್ಲಿ ಒಂದರ ತುದಿಗೆ ಇನ್ನೊಂದನ್ನು ಸೇರಿಸುತ್ತ ಸಾಲಾಗಿ ಮಲಗಿಸಿದರು. ಆ ಗಳದ ಎರಡೂ ಕಡೆಯಿಂದ ಮೊನಚು ಗೂಟಗಳನ್ನು ಓರೆಯಾಗಿ, ಕತ್ತರಿಯಾಕಾರದಲ್ಲಿ ಒಂದಕ್ಕೊಂದು ಅಡ್ಡಹಾಯುವಂತೆ ಕೆಸರಿಗೆ ಬಡಿದರು. ಗೂಟಗಳ ತಲೆಗಳು ಕೂಡುವ ಕವಲಿನಲ್ಲಿ ಓಕ್ ಹಲಗೆ ಕೂರಿಸಿದರು. ಹಲಗೆ ಜಾರದಿರಲು ಅದರಲ್ಲಿ ಕಚ್ಚು ಕೊರೆದು, ತೂತು ಮಾಡಿ, ಸಣ್ಣ ಗೂಟ ಇಳಿಸಿದರು. ಹಲಗೆಗಳು ಮೂರು ಮೀಟರ್ ಉದ್ದದವರೆಗೂ ಇವೆ. ಅಗಲ ಹೆಚ್ಚೆಂದರೆ 40 ಸೆಂಟಿಮೀಟರ್. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮಲೆನಾಡು, ಕರಾವಳಿಯ ಜನ ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರ ಹಾಸಿ ಕಟ್ಟುವ ಕಾಲುಸಂಕವನ್ನೇ ಸುಮಾರು ಎರಡು ಕಿಲೋಮೀಟರ್ ಎಳೆದರೆ ಹೇಗಿರುತ್ತದೋ ಹಾಗೆ.

ಕಬ್ಬಿಣವಿಲ್ಲ, ತಾಮ್ರವೂ ಇಲ್ಲ. ಕಲ್ಲಿನ ಕೊಡಲಿಯಿಂದ ಕಡಿದು, ಬೆಣೆ ಹೊಡೆದು ಸೀಳಿದ ಮರಗಳು. ದಾರಿಯ ಒಂದು ಭಾಗದ ಹಲಗೆಗಳು 400 ವರ್ಷ ಬಾಳಿದ ದೊಡ್ಡ ಓಕ್‌ಗಳವು. ತಿರುಳಿನಿಂದ ತೊಗಟೆಯ ಕಡೆಗೆ, ಹಣ್ಣಿನ ಹೋಳು ತೆಗೆದಂತೆ ಸೀಳಿದವು. ಇನ್ನೊಂದು ಭಾಗದವು ಎಳೆಯ ಮರಗಳವು. ಆ ರೀತಿ ಸೀಳಿದರೆ ಅವುಗಳಲ್ಲಿ ಬೇಕಾದಷ್ಟು ಅಗಲ ಸಿಗದೆಂದು ಅಡ್ಡಕ್ಕೆ ಸೀಳಿದ್ದಾರೆ. ಯಾವ ಮರಕ್ಕೆ ಯಾವ ಸೀಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಬೇರೆ ಕಾಡಿನಿಂದ ಮರ ತಂದಿರುವುದನ್ನು ನೋಡಿದರೆ ಎರಡು ದಡದ ಎರಡು ಗುಂಪುಗಳು ಸೇರಿ ಈ ಕೆಲಸ ಮಾಡಿರಬಹುದು.

ಕಾಲವಂತೂ ನಿಖರವಾಗಿ ಗೊತ್ತಾಗಿದೆ. ಮರದ ಬೆಳವಣಿಗೆಯ ಉಂಗುರಗಳು ಹದವಾದ ವರ್ಷ ದಪ್ಪ, ಬರಗಾಲದ ವರ್ಷ ತೆಳು. ಈ ದಪ್ಪ ತೆಳುವಿನ ಸಾಲನ್ನು ಇತರ ಮರಗಳ ಸಾಲಿಗೆ ಜೋಡಿಸುತ್ತ ಹಿಂದಕ್ಕೆ ಹೋದರೆ ಮರ ಕಡಿದ ವರ್ಷವೇ ಸಿಗುತ್ತದೆ. ಸ್ವೀಟ್ ಟ್ರ್ಯಾಕ್‌ನ ಓಕ್‌ಗಳನ್ನು ಕಡಿದದ್ದು ಕ್ರಿ.ಪೂ. 3807–3806ರ ಚಳಿಗಾಲದಲ್ಲಿ. ಅದೇ ಜಾಡಿನಲ್ಲಿ ಕ್ರಿ.ಪೂ. 3838ರಲ್ಲಿ ಕಡಿದ ಮರಗಳ ಇನ್ನೂ ಹಳೆಯ ದಾರಿಯೊಂದಿತ್ತು. ಅದನ್ನು ಪೋಸ್ಟ್ ಟ್ರ್ಯಾಕ್ ಎನ್ನುತ್ತಾರೆ. ಬಹುಕಾಲ ಇವೇ ಬ್ರಿಟನ್ನಿನ ಅತಿ ಹಳೆಯ ಮರದ ದಾರಿಗಳೆಂಬ ಹೆಸರಿತ್ತು. 2009ರಲ್ಲಿ ಲಂಡನ್ನಿನ ಬೆಲ್‌ಮಾರ್ಷ್ ಬಳಿ ಇನ್ನೂ ಹಳೆಯದು ಸಿಕ್ಕಿತು. ಸ್ವೀಟ್ ಟ್ರ್ಯಾಕ್ ಬಳಕೆಯಲ್ಲಿದ್ದದ್ದು ಹತ್ತು ವರ್ಷ ಮಾತ್ರ. ನಡುವೆ ದುರಸ್ತಿಗೆಂದು ಹಾಕಿದ ಹೊಸ ಮರಗಳೂ ಸಿಕ್ಕಿವೆ. ನೀರು ಏರುತ್ತ ಹೋಯಿತು, ದುರಸ್ತಿ ನಿಂತಿತು, ಜೊಂಡು ಮುಚ್ಚಿತು.

ಮುಚ್ಚಿದ್ದರಿಂದಲೇ ಎಲ್ಲ ಉಳಿಯಿತು. ಹಲಗೆಯ ಪಕ್ಕದಲ್ಲಿ ಒಡೆದ ಮಡಕೆ, ಅದರ ಸುತ್ತ ಚೆಲ್ಲಿದ ಹೇಝಲ್ ಕಾಯಿಗಳು. ಇನ್ನೊಂದು ಮಡಕೆಯ ಜೊತೆ ಅಂಬಲಿ ತಿರುವುವ ಮರದ ಕೋಲು. ಬಿಲ್ಲಿನ ತುಂಡುಗಳು, ಚಕಮಕಿ ಕಲ್ಲಿನ ಬಾಣದ ಮೊನೆ, ಯೂ ಮರದ ಕಡ್ಡಿಪಿನ್ನುಗಳು. ಕೈಯಲ್ಲಿ ಬುತ್ತಿ ಹಿಡಿದು ಒದ್ದೆ ಹಲಗೆಯ ಮೇಲೆ ಕಾಲು ಜಾರಿದ ಒಬ್ಬ ಮನುಷ್ಯ ಅಲ್ಲಿದ್ದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಇನ್ನೇನು ಬೇಕು? ಎಲ್ಲಕ್ಕಿಂತ ಬೆರಗಿನದು ಹಸಿರು ಜೇಡ್ ಕಲ್ಲಿನ ಕೊಡಲಿಯ ತಲೆ. ಕನ್ನಡಿಯಂತೆ ನಯ ಮಾಡಿದ್ದು, ಒಂದು ಏಟಿಗೂ ಬಳಸದ್ದು. ಆ ಕಲ್ಲು ಬ್ರಿಟನ್ನಿನದಲ್ಲ, ಇಟಲಿಯ ಕಡೆಯ ಆಲ್ಪ್ಸ್ ಪರ್ವತದ ನೆತ್ತಿಯಿಂದ ಬಂದದ್ದು. ಕೈಯಿಂದ ಕೈಗೆ ಸಾವಿರ ಕಿಲೋಮೀಟರ್ ದಾಟಿ ಬಂದ ಅಂಥ ವಸ್ತುವನ್ನು ಯಾರೂ ಸುಮ್ಮನೆ ಬೀಳಿಸಿಕೊಂಡು ಹೋಗಲಾರರು. ಜೌಗಿಗೆ ಹರಕೆಯಾಗಿ ಅರ್ಪಿಸಿದ್ದು ಎಂಬ ವಾದವೇ ಹೆಚ್ಚು ನಂಬುವಂತಿದೆ.

ಜಾನ್ ಕೋಲ್ಸ್ ಮತ್ತು ಬ್ರಯನಿ ಕೋಲ್ಸ್ ಅವರ ತಂಡ 1973ರಿಂದ 1989ರವರೆಗೆ ಸಾಮರ್ಸೆಟ್ ಲೆವೆಲ್ಸ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಪೀಟ್ ಅಗೆತದ ಬೆನ್ನಿಗೇ ನಡೆಯುತ್ತ ಹೋಯಿತು. ಯಂತ್ರ ಹೊಸದಾಗಿ ಕೊರೆದ ಗೋಡೆಗಳನ್ನು ಒಂದೊಂದಾಗಿ ನೋಡುವುದು, ಮರ ಕಂಡರೆ ಕೆಲಸ ನಿಲ್ಲಿಸಿಕೊಂಡು ದಾಖಲಿಸುವುದು. ಬೇರೆಬೇರೆ ಕಾಲದ ಹತ್ತಾರು ದಾರಿಗಳು ಹೀಗೆ ಸಿಕ್ಕವು. ವಾಲ್ಟನ್ ಹೀತ್‌ನಲ್ಲಿ ಹೇಝಲ್ ಕಡ್ಡಿಗಳನ್ನು ನೇಯ್ದು ಮಾಡಿದ ತಟ್ಟಿಗಳ ದಾರಿ. ಕಡ್ಡಿಗಳು ಒಂದೇ ಗಾತ್ರದವು. ಗಿಡದ ಬುಡ ಸವರಿ, ಹೊಸ ಚಿಗುರು ಬೇಕಾದಷ್ಟು ದಪ್ಪ ಬರುವವರೆಗೆ ಕಾದು ಕೊಯ್ಯುವ ಪದ್ಧತಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇತ್ತೆಂಬುದು ಅದರಿಂದ ಗೊತ್ತಾಯಿತು. ಬೆಲ್ ಟ್ರ್ಯಾಕ್ ಎಂಬುದರ ಅಡಿಯಲ್ಲಿ 1966ರಲ್ಲೇ ಆ್ಯಶ್ ಮರದ ಒಂದು ಚಿಕ್ಕ ಬೊಂಬೆ ಸಿಕ್ಕಿತ್ತು. ಹೆಣ್ಣು ಗಂಡು ಎರಡರ ಗುರುತೂ ಇರುವ ಅದನ್ನು ತಲೆಕೆಳಗಾಗಿ ನೆಟ್ಟಿದ್ದರು. 1835ರಲ್ಲಿ ಕಂಡ ಒಂದು ದಾರಿಯನ್ನು ಗ್ಲಾಸ್ಟನ್‌ಬರಿ ಮಠದ ಸನ್ಯಾಸಿಗಳದೆಂದು ಭಾವಿಸಿ ಅಬಟ್ಸ್ ವೇ (ಮಠಾಧೀಶರ ದಾರಿ) ಎಂದು ಹೆಸರಿಟ್ಟಿದ್ದರು. ಅದು ಏಸುಕ್ರಿಸ್ತನಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನದು ಎಂದು ಆಮೇಲೆ ತಿಳಿಯಿತು.

ಮುಂದೆ ಜನ ಜೌಗಿನ ಮೇಲೆ ಊರನ್ನೇ ಕಟ್ಟಿದರು. ವೈದ್ಯಕೀಯ ಓದುತ್ತಿದ್ದ ಆರ್ಥರ್ ಬುಲೀಡ್ ಎಂಬ ಯುವಕ ಸ್ವಿಟ್ಜರ್ಲೆಂಡಿನ ಸರೋವರದ ಊರುಗಳ ಬಗ್ಗೆ ಓದಿ, ತನ್ನ ಸೀಮೆಯಲ್ಲೂ ಅಂಥದ್ದು ಇರಬೇಕೆಂದು ಹುಡುಕುತ್ತ 1892ರಲ್ಲಿ ಗ್ಲಾಸ್ಟನ್‌ಬರಿ ಬಳಿ ಗದ್ದೆಯೊಂದರಲ್ಲಿ ಸಣ್ಣ ಸಣ್ಣ ಉಬ್ಬುಗಳನ್ನು ಗುರುತಿಸಿದ. ಅಗೆದರೆ ಮರ, ಕಂಟಿ, ಜೇಡಿಮಣ್ಣು ಹಾಸಿ ಜೌಗನ್ನು ಗಟ್ಟಿ ಮಾಡಿ ಮೇಲೆ ಕಟ್ಟಿದ ಕಬ್ಬಿಣಯುಗದ ಗುಡಿಸಲುಗಳು. ಅಲ್ಲಿಯ ನೆಲಹಾಸುಗಳು ಕುಸಿದಂತೆಲ್ಲ ಮೇಲೆ ಮೇಲೆ ಹೊಸ ಜೇಡಿಮಣ್ಣು ಸುರಿದಿದ್ದರು.

ಜೌಗು ಬಡವರಿಗೆ ಮೇವು, ಮೀನು, ಉರುವಲು ಕೊಟ್ಟಿತು. ಒಮ್ಮೆ ರಾಜನಿಗೆ ಪ್ರಾಣವನ್ನೇ ಉಳಿಸಿಕೊಟ್ಟಿತು. 878ರ ಜನವರಿಯಲ್ಲಿ ಡೇನರೆಂಬ ದಾಳಿಕೋರರು ಚಿಪ್ಪೆನ್‌ಹ್ಯಾಮ್ ಪಟ್ಟಣದ ಮೇಲೆ ಎರಗಿದಾಗ ವೆಸೆಕ್ಸ್ ರಾಜ್ಯದ ದೊರೆ ಆಲ್‌ಫ್ರೆಡ್ ಕೆಲವೇ ಜನರೊಡನೆ ಓಡಿಬಂದು ಇಲ್ಲಿ ಅಡಗಿದ. ಅಥೆಲ್ನಿ ದಿಣ್ಣೆಯ ಮೇಲೆ ಕೋಟೆ ಕಟ್ಟಿ, ಅಲ್ಲಿಂದಲೇ ಸೈನ್ಯ ಕೂಡಿಸಿ, ಮೇ ತಿಂಗಳಲ್ಲಿ ಎಡಿಂಗ್ಟನ್‌ನಲ್ಲಿ ಡೇನರನ್ನು ಸೋಲಿಸಿದ. ಆ ದಿಣ್ಣೆಗೆ ದೋಣಿಯಲ್ಲಿ ಹೋಗಬೇಕಿತ್ತು, ಇಲ್ಲವೇ ಬಹಳ ಶ್ರಮಪಟ್ಟು ಕಟ್ಟಿದ ಒಂದೇ ಒಂದು ಏರಿಯ ಮೇಲೆ ನಡೆಯಬೇಕಿತ್ತು ಎಂದು ಅವನ ಚರಿತ್ರೆ ಬರೆದ ಬಿಷಪ್ ಅಸ್ಸರ್ ಹೇಳುತ್ತಾನೆ. ಒಂದು ರಾಜ್ಯ ಉಳಿದದ್ದರಲ್ಲಿ ಆ ಏರಿಯ ಪಾಲು ದೊಡ್ಡದು. ಅದನ್ನು ಕಟ್ಟಿದವರ ಹೆಸರು ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ.

ಮಧ್ಯಯುಗದಲ್ಲಿ ನೀರನ್ನು ಆಳಿದ್ದು ಮಠಗಳು. ಗ್ಲಾಸ್ಟನ್‌ಬರಿ, ಮಚಲ್ನಿ, ಅಥೆಲ್ನಿ ಮಠಗಳು ಮತ್ತು ವೆಲ್ಸ್‌ನ ಬಿಷಪ್ಪರು ನದಿಗಳ ಪಾತ್ರ ತಿರುಗಿಸಿದರು, ಏರಿ ಹಾಕಿಸಿದರು, ತೂಬು ಇಟ್ಟರು. ಏರಿಯ ಮೇಲೆ ಜನ ನಡೆದರು. ಪ್ರತಿ ಒಕ್ಕಲಿಗೂ ಏರಿಯ ಇಷ್ಟು ಗಜ ಎಂದು ಪಾಲು ಹಂಚಿಕೆಯಾಗಿತ್ತು. ತನ್ನ ಪಾಲನ್ನು ದುರಸ್ತಿ ಮಾಡದವನಿಗೆ ದಂಡ. ಮಿಯರ್‌ನಲ್ಲಿ ಅಬಟ್ಟರ ಮೀನಿನ ಮನೆಯೆಂಬ 14ನೆಯ ಶತಮಾನದ ಕಲ್ಲುಕಟ್ಟಡ ಇನ್ನೂ ನಿಂತಿದೆ. ಅದರ ಎದುರಿಗಿದ್ದ ದೊಡ್ಡ ಸರೋವರ ಬತ್ತಿ ಹುಲ್ಲುಗಾವಲಾಗಿ ಮುನ್ನೂರು ವರ್ಷಗಳಾಗುತ್ತ ಬಂದಿವೆ. 1539ರಲ್ಲಿ ಎಂಟನೆಯ ಹೆನ್ರಿ ಗ್ಲಾಸ್ಟನ್‌ಬರಿ ಮಠವನ್ನು ಮುಚ್ಚಿಸಿ, ಅದರ ಕೊನೆಯ ಅಬಟ್ ರಿಚರ್ಡ್ ವೈಟಿಂಗ್‌ನನ್ನು ಊರ ಪಕ್ಕದ ಗುಡ್ಡದ ಮೇಲೆ ಗಲ್ಲಿಗೇರಿಸಿದ. ಮಠದ ಜಮೀನು ಹಂಚಿಹೋಯಿತು. ನೀರಿನ ಒಟ್ಟು ಹೊಣೆ ಹೊರುವ ದೊಡ್ಡ ಯಜಮಾನನಿಲ್ಲದಾಯಿತು. 1607ರ ಜನವರಿ 30ರಂದು ಬ್ರಿಸ್ಟಲ್ ಚಾನೆಲ್ ಉಕ್ಕಿ ಕಡಲೇರಿಗಳನ್ನು ಮುರಿದು ಒಳನಾಡಿಗೆ ಮೈಲಿಗಟ್ಟಲೆ ನುಗ್ಗಿತು. ಚಾನೆಲ್‌ನ ಎರಡೂ ದಡಗಳಲ್ಲಿ ಸುಮಾರು 2,000 ಜನ ಸತ್ತರೆಂದು ಅಂದಾಜು.

ಈ ಬಯಲಿನಲ್ಲಿ ದಾಟು ಗೊತ್ತಿರುವುದು ಎಷ್ಟು ದೊಡ್ಡ ವಿಷಯ ಎಂಬುದು 1685ರ ಜುಲೈ 5ರ ರಾತ್ರಿ ಗೊತ್ತಾಯಿತು. ದೊರೆ ಎರಡನೆಯ ಜೇಮ್ಸ್ ವಿರುದ್ಧ ದಂಗೆಯೆದ್ದ ಡ್ಯೂಕ್ ಆಫ್ ಮನ್‌ಮತ್ ಬ್ರಿಜ್‌ವಾಟರ್ ಪಟ್ಟಣದಲ್ಲಿದ್ದ. ಅವನ ಸೈನ್ಯವೆಂದರೆ ಹೆಚ್ಚಾಗಿ ನೇಕಾರರು, ರೈತರು, ಕೂಲಿಗಳು. ಕೆಲವರ ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕುಡುಗೋಲು. ರಾಜನ ಪಡೆ ಕೆಲವೇ ಮೈಲಿ ದೂರದ ವೆಸ್ಟನ್‌ಝಾಯ್‌ಲೆಂಡ್ ಹಳ್ಳಿಯ ಪಕ್ಕ ಬೀಡುಬಿಟ್ಟಿತ್ತು. ಹಗಲು ಎದುರಿಸಿದರೆ ಉಳಿಗಾಲವಿಲ್ಲ, ಕತ್ತಲಲ್ಲಿ ಜೌಗು ದಾಟಿ ಮಲಗಿದ್ದವರ ಮೇಲೆ ಬೀಳಬೇಕು ಎಂಬುದು ಮನ್‌ಮತ್‌ನ ಯೋಚನೆ. ದಾರಿ ತೋರಿಸಲು ಗಾಡ್‌ಫ್ರೆ ಎಂಬ ಸ್ಥಳೀಯ ಸಿಕ್ಕಿದ.

ಲೆವೆಲ್ಸ್‌ನಲ್ಲಿ ಹೊಲಗಳ ನಡುವಿನ ಅಗಲ ನೀರ್ಗಾಲುವೆಗಳನ್ನು ರೀನ್ ಎನ್ನುತ್ತಾರೆ. ಹೊರಗಿನವರಿಗೆ ಅದು ಹಾರಿ ದಾಟಬಹುದಾದ ಚರಂಡಿಯಂತೆ ಕಾಣುತ್ತದೆ. ಇಳಿದರೆ ಎದೆಮಟ್ಟ ಕೆಸರು. ದಾಟಲು ಅಲ್ಲಲ್ಲಿ ಗೊತ್ತುಮಾಡಿದ ಜಾಗಗಳಿದ್ದವು, ಊರವರಿಗೆ ಮಾತ್ರ ಗೊತ್ತಿರುವಂಥವು. ಆ ರಾತ್ರಿ ಬಯಲ ತುಂಬ ಮಂಜು. ಮಾತಾಡಿದವನನ್ನು ಪಕ್ಕದವನೇ ಇರಿಯಬೇಕೆಂಬ ಆಜ್ಞೆ. ಲ್ಯಾಂಗ್‌ಮೋರ್ ರೀನ್‌ನ ದಾಟು ಎಲ್ಲಿದೆಯೆಂದು ಮಂಜಿನಲ್ಲಿ ಗಾಡ್‌ಫ್ರೆಗೂ ಕೂಡಲೇ ತಿಳಿಯಲಿಲ್ಲ. ಹುಡುಕಾಟದಲ್ಲಿ ಹೊತ್ತು ಹೋಯಿತು. ಕೊನೆಗೆ ದಾಟುವಷ್ಟರಲ್ಲಿ ಎಲ್ಲೋ ಒಂದು ಪಿಸ್ತೂಲು ಹಾರಿತು, ರಾಜನ ಪಡೆ ಎಚ್ಚೆತ್ತಿತು. ಮುಂದೆ ಇನ್ನೊಂದು ಕಾಲುವೆಯಿತ್ತು, ಬಸೆಕ್ಸ್ ರೀನ್. ಮುಂದೋಡಿದ ಮನ್‌ಮತ್‌ನ ಕುದುರೆಪಡೆ ಅದರ ದಾಟು ಸಿಗದೆ ಅಂಚಿನುದ್ದಕ್ಕೂ ಅಲೆದು ಎದುರಿನ ಗುಂಡಿಗೆ ಸಿಕ್ಕಿ ಚದುರಿತು. ಕಾಲಾಳುಗಳು ದಡದಲ್ಲೇ ನಿಂತು ಕತ್ತಲಿಗೆ ಗುಂಡು ಹಾರಿಸಿದರು. ಬೆಳಗಾಗುವ ಹೊತ್ತಿಗೆ ರಾಜನ ಕುದುರೆಪಡೆ ರೀನ್ ದಾಟಿ ಎರಡು ಪಕ್ಕದಿಂದಲೂ ಮೇಲೆ ಬಿತ್ತು. ಸಾವಿರಕ್ಕೂ ಹೆಚ್ಚು ದಂಗೆಕೋರರು ಸತ್ತರು. ಸೆರೆಸಿಕ್ಕ ನೂರಾರು ಜನರನ್ನು ವೆಸ್ಟನ್‌ಝಾಯ್‌ಲೆಂಡ್‌ನ ಚರ್ಚಿನೊಳಗೆ ಕೂಡಿಹಾಕಿದರು. ಆಮೇಲಿನ ವಿಚಾರಣೆಗಳಲ್ಲಿ 300ಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು, 800ಕ್ಕೂ ಹೆಚ್ಚು ಮಂದಿಯನ್ನು ವೆಸ್ಟ್ ಇಂಡೀಸ್‌ನ ತೋಟಗಳಿಗೆ ಸಾಗಿಸಿದರು. ಬಸೆಕ್ಸ್ ರೀನ್ ಇವತ್ತು ಮುಚ್ಚಿಹೋಗಿದೆ. ಹಳ್ಳಿಯಿಂದ ಕಾಲ್ನಡಿಗೆಯಲ್ಲಿ ಹೋದರೆ ಹೊಲದ ನಡುವೆ ಸತ್ತವರ ನೆನಪಿನ ಕಲ್ಲು ಸಿಗುತ್ತದೆ.

ಇಂದು ಚಾರಣಿಗರು ನಡೆಯುವ ನೇರ ದಾರಿಗಳು ಹೆಚ್ಚಾಗಿ ಹುಟ್ಟಿದ್ದು ಈ ಕಾಳಗವಾಗಿ ನೂರು ವರ್ಷದ ಮೇಲೆ. ಅಲ್ಲಿಯವರೆಗೆ ಬಹುಪಾಲು ಜೌಗು ಸುತ್ತಲ ಹಳ್ಳಿಗಳ ಸಮುದಾಯದ ಗೋಮಾಳ. ಬೇಸಿಗೆಯಲ್ಲಿ ದನ, ಹೆಬ್ಬಾತು ಮೇಯಿಸುವ, ಪೀಟ್ ಕೊಯ್ಯುವ, ಹಕ್ಕಿ ಮೀನು ಹಿಡಿಯುವ ಹಕ್ಕು ಊರವರಿಗಿತ್ತು. 18ನೆಯ ಶತಮಾನದ ಕೊನೆಯಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಮೂಲಕ ಈ ನೆಲವನ್ನು ಅಳೆದು, ಹಂಚಿ, ಬೇಲಿಯ ಬದಲು ರೀನ್ ತೋಡಿ ಖಾಸಗಿ ಮಾಡಿದರು. 1791ರಿಂದ 1795ರವರೆಗೆ ಕಿಂಗ್ಸ್ ಸೆಜ್‌ಮೋರ್ ಡ್ರೇನ್ ಎಂಬ ದೊಡ್ಡ ಕಾಲುವೆ ತೋಡಿ ನೀರು ಬಸಿದರು. ಹಂಚಿದ ತುಂಡುಗಳಿಗೆ ದನ ಹೊಡೆದುಕೊಂಡು ಹೋಗಲು ಗೆರೆ ಎಳೆದಂತೆ ಬಿಟ್ಟ ಅಗಲ ದಾರಿಗಳೇ ಡ್ರೋವ್‌ಗಳು. ಎರಡು ಪಕ್ಕದಲ್ಲೂ ರೀನ್, ಅದರಿಂದ ತೆಗೆದ ಮಣ್ಣೇ ನಡುವಿನ ದಾರಿಗೆ ಹಾಸು, ಅಂಚಿಗೆ ವಿಲೋ ಮರಗಳು. ಆ ಕಾಲದ ಕೃಷಿ ಸಮೀಕ್ಷಕ ಜಾನ್ ಬಿಲ್ಲಿಂಗ್ಸ್‌ಲಿ ಈ ಹಂಚಿಕೆಯ ದೊಡ್ಡ ಬೆಂಬಲಿಗ. ಒಂದೆರಡು ಹಸು, ನಾಲ್ಕು ಹೆಬ್ಬಾತು ಇದ್ದರೆ ಬಡವ ಕೂಲಿಗೆ ಬರದೆ ಸೋಮಾರಿಯಾಗುತ್ತಾನೆ ಎಂಬುದು ಅವನ ತರ್ಕ. ಗೋಮಾಳವನ್ನೇ ನಂಬಿ ಬದುಕಿದ್ದವರಿಗೆ ಅದು ದೊಡ್ಡ ಅನ್ಯಾಯ. ಅವರ ಕೈತಪ್ಪಿದ ನೆಲದ ನೆನಪು ಈ ಸುಂದರವಾದ ನೇರ ದಾರಿಗಳಲ್ಲಿ ಇದೆ ಎಂಬುದು ಅಲ್ಲಿ ನಡೆಯುವವರಿಗೆ ತಿಳಿದಿರಬೇಕು.

ನೀರು ಬಸಿಯಲು 1830ರಲ್ಲಿ ವೆಸ್ಟನ್‌ಝಾಯ್‌ಲೆಂಡ್‌ನಲ್ಲಿ ಲೆವೆಲ್ಸ್‌ನ ಮೊದಲ ಹಬೆಯಂತ್ರ ಬಂತು. ಅದರ ಜಾಗಕ್ಕೆ 1861ರಲ್ಲಿ ಬಂದ ಯಂತ್ರ ಇಂದಿಗೂ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ನೀರು ಇಳಿದಂತೆ ಪೀಟ್ ಒಣಗಿ ಕುಗ್ಗಿತು, ನೆಲ ಇನ್ನಷ್ಟು ತಗ್ಗಾಯಿತು. ಚಳಿಗಾಲದಲ್ಲಿ ಪ್ಯಾರೆಟ್ ನದಿಯ ಏರಿಯ ಮೇಲೆ ನಡೆದರೆ ಒಂದು ಕಡೆ ತುಂಬಿದ ಹೊಳೆ, ಇನ್ನೊಂದು ಕಡೆ ಹೊಳೆಯ ಮಟ್ಟಕ್ಕಿಂತ ಕೆಳಗೆ ಮೇಯುವ ದನಗಳು ಕಾಣುತ್ತವೆ.

ಗ್ಲಾಸ್ಟನ್‌ಬರಿಗೆ 1833ರಲ್ಲಿ ಹಡಗುಕಾಲುವೆ ಬಂತು, 1854ರಲ್ಲಿ ಅದನ್ನು ಮುಚ್ಚಿಸಿ ರೈಲು ಬಂತು. ಪೀಟ್ ರೈಲನ್ನು ಹೇಗೋ ಹೊತ್ತುಕೊಂಡಿತು. 1949ರ ಆಗಸ್ಟ್‌ನಲ್ಲಿ ಪೀಟ್ ಕಂಪನಿಯ ಪುಟ್ಟ ಎಂಜಿನ್‌ಗೆ ಢಿಕ್ಕಿ ಹೊಡೆದು ಪ್ರಯಾಣಿಕ ರೈಲಿನ ಎಂಜಿನ್ ಪಕ್ಕದ ಕಾಲುವೆಗೆ ಉರುಳಿದಾಗ, ಎತ್ತಲು ಕ್ರೇನು ತಂದರೆ ಕ್ರೇನೂ ಹೂತುಹೋಗುವ ಸ್ಥಿತಿ. ಎಂಜಿನ್ನನ್ನು ಅಲ್ಲೇ ತುಂಡು ಮಾಡಿ ಸಾಗಿಸಬೇಕಾಯಿತು. 1966ರಲ್ಲಿ ರೈಲು ನಿಂತಿತು, ಹಳಿ ಕಿತ್ತರು. ಶಾಪ್‌ವಿಕ್ ಹೀತ್ ಮತ್ತು ಹ್ಯಾಮ್ ವಾಲ್ ಪಕ್ಷಿಧಾಮಗಳ ನಡುವಿನ ಇಂದಿನ ಹೆಸರುವಾಸಿ ಕಾಲುದಾರಿ ಆ ಹಳಿಯ ದಿಬ್ಬವೇ.

ಅದರ ಎಡಬಲಕ್ಕೆ ಹರಡಿರುವ ಕೆರೆಗಳು, ಜೊಂಡುಗಾವಲುಗಳು ನಿಸರ್ಗದತ್ತವೆಂದು ಹೊಸಬರಿಗೆ ಅನಿಸುತ್ತದೆ. ಅವು ಪೀಟ್ ಅಗೆದ ಗುಂಡಿಗಳು. ಮೊದಲು ಕೈಯಿಂದ ಇಟ್ಟಿಗೆಯಂತೆ ಕೊಯ್ದು, ಒಟ್ಟಿ ಒಣಗಿಸುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ತೋಟಗಾರಿಕೆಗೆ ಬೇಡಿಕೆ ಹೆಚ್ಚಿ ಯಂತ್ರಗಳು ಇಳಿದವು. ಹಳೆಯ ಹಾದಿಗಳನ್ನು ತೋರಿಸಿಕೊಟ್ಟ ಅಗೆತವೇ ಅವುಗಳಲ್ಲಿ ಅನೇಕವನ್ನು ನುಂಗಿಯೂ ಹಾಕಿತು. ಅಗೆಯದೆ ಬಿಟ್ಟ ಕಡೆಯೂ ಅಪಾಯ ತಪ್ಪಲಿಲ್ಲ. ಸುತ್ತಲಿನ ನೀರು ಬಸಿದು ಪೀಟ್ ಒಣಗಿದರೆ ಒಳಕ್ಕೆ ಗಾಳಿ ಹೋಗಿ, ಆರು ಸಾವಿರ ವರ್ಷ ಕೆಡದ ಹಲಗೆ ಕೆಲವೇ ದಶಕಗಳಲ್ಲಿ ಮಣ್ಣಾಗುತ್ತದೆ. ಆದ್ದರಿಂದ ಶಾಪ್‌ವಿಕ್ ಹೀತ್‌ನ ಕಾಯ್ದಿಟ್ಟ ಜಾಗದಲ್ಲಿ ಸ್ವೀಟ್ ಟ್ರ್ಯಾಕ್‌ನ ಸುಮಾರು 500 ಮೀಟರ್ ಭಾಗದ ಪಕ್ಕಕ್ಕೆ 1980ರ ದಶಕದಲ್ಲಿ ಬದು ಹಾಕಿ, ಪಂಪ್ ಇಟ್ಟು ನೀರು ತುಂಬಿಸುವ ವ್ಯವಸ್ಥೆ ಮಾಡಿದರು. ನೀರು ಹೊರಹಾಕಲು ಯಂತ್ರ ತಂದ ಸೀಮೆಯಲ್ಲಿ ನೀರು ಒಳಗೆ ಬಿಡಲೂ ಯಂತ್ರ ಬೇಕಾಯಿತು.

ನಡೆಯುವ ಹಕ್ಕಿಗೂ ಹೀಗೇ ದುರಸ್ತಿ ಬೇಕಿತ್ತು. 1949ರ ರಾಷ್ಟ್ರೀಯ ಉದ್ಯಾನ ಮತ್ತು ಗ್ರಾಮಾಂತರ ಪ್ರವೇಶ ಕಾಯ್ದೆಯ ಪ್ರಕಾರ ಇಂಗ್ಲೆಂಡ್, ವೇಲ್ಸ್‌ಗಳ ಪ್ರತಿ ಜಿಲ್ಲಾಡಳಿತ ತನ್ನ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕಾಯಿತು. ಹಳ್ಳಿಗಳ ಮಂಡಳಿಯವರು ತಮ್ಮ ಎಲ್ಲೆಯ ದಾರಿಗಳಲ್ಲಿ ನಡೆದು, ಎಲ್ಲಿ ಗೇಟು, ಎಲ್ಲಿ ಹಲಗೆ ಸೇತುವೆ, ಎಷ್ಟು ವರ್ಷದಿಂದ ಜನ ಓಡಾಡುತ್ತಿದ್ದಾರೆ ಎಂದು ಬರೆದುಕೊಟ್ಟರು. ನಕ್ಷೆಗೆ ಬಂದ ದಾರಿಯನ್ನು ಜಮೀನುದಾರ ಮುಚ್ಚುವಂತಿಲ್ಲ. ಡಾರ್ಸೆಟ್‌ನ ಚೆಡಿಂಗ್ಟನ್‌ನಿಂದ ಕಡಲ ತನಕ ಪ್ಯಾರೆಟ್ ನದಿಯ ಜೊತೆ ಸಾಗುವ ಸುಮಾರು 80 ಕಿಲೋಮೀಟರ್‌ಗಳ ರಿವರ್ ಪ್ಯಾರೆಟ್ ಟ್ರೇಲ್ ಇಂಥ ಹಕ್ಕಿನ ತುಂಡುಗಳನ್ನು ಹೊಲಿದು ಮಾಡಿದ ದಾರಿ. ಇತ್ತ ಪೀಟ್ ಗುಂಡಿಗಳ ಕೆರೆಗಳಿಗೆ ಹಕ್ಕಿಗಳು ಮರಳಿದವು. 2012ರಲ್ಲಿ ದೊಡ್ಡ ಬೆಳ್ಳಕ್ಕಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಮರಿ ಮಾಡಿದ್ದು ಶಾಪ್‌ವಿಕ್ ಹೀತ್‌ನಲ್ಲಿ. ಚಳಿಗಾಲದ ಸಂಜೆ ಲಕ್ಷಗಟ್ಟಲೆ ಸ್ಟಾರ್ಲಿಂಗ್ ಹಕ್ಕಿಗಳು ಜೊಂಡಿಗೆ ಇಳಿಯುವುದನ್ನು ನೋಡಲು ಹಳೆಯ ಹಳಿದಾರಿಯಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ.

ನೀರಿನ ಲೆಕ್ಕ ಮುಗಿದಿಲ್ಲ. 2013–14ರ ಚಳಿಗಾಲದಲ್ಲಿ ಮಳೆ ನಿಲ್ಲದೆ ಸುರಿದಾಗ ಸುಮಾರು 6,900 ಹೆಕ್ಟೇರ್ ಜಮೀನು ಮುಳುಗಿತು. ಮಚಲ್ನಿ ವಾರಗಟ್ಟಲೆ ನಡುಗಡ್ಡೆಯಾಗಿ ಉಳಿಯಿತು. ಮಕ್ಕಳು ಶಾಲೆಗೆ, ದೊಡ್ಡವರು ಸಂತೆಗೆ ದೋಣಿಯಲ್ಲಿ ಹೋದರು. ಆಮೇಲೆ ಪ್ಯಾರೆಟ್, ಟೋನ್ ನದಿಗಳ ಹೂಳೆತ್ತಿದರು, ಮಚಲ್ನಿಗೆ ಹೋಗುವ ರಸ್ತೆಯನ್ನು ಎತ್ತರಿಸಿದರು. ಅದೇ 2014ರ ಸೆಪ್ಟೆಂಬರ್‌ನಲ್ಲಿ ಪ್ಯಾರೆಟ್ ಕಡಲು ಸೇರುವ ಸ್ಟಿಯರ್ಟ್‌ನಲ್ಲಿ ಬೇರೆಯೇ ಒಂದು ಕೆಲಸ ನಡೆಯಿತು. ಹಳೆಯ ಏರಿಯನ್ನು ಬೇಕೆಂದೇ ಕಡಿದು, ಹೊಲಗಳಿದ್ದ ಕಡೆಗೆ ಉಬ್ಬರವನ್ನು ಒಳಗೆ ಬಿಟ್ಟರು. ಒಳಭಾಗದಲ್ಲಿ ಮೊದಲೇ ಹೊಸ ಏರಿ ಎಬ್ಬಿಸಿದ್ದರು. ಏರುವ ಕಡಲನ್ನು ಒಂದೇ ಗೆರೆಯಲ್ಲಿ ತಡೆದು ನಿಲ್ಲಿಸಲಾಗದು, ನಡುವೆ ಉಪ್ಪುಜೌಗು ಬೆಳೆದರೆ ಅಲೆಯ ಹೊಡೆತವನ್ನು ಅದು ತಗ್ಗಿಸುತ್ತದೆ ಎಂಬುದು ಎಂಜಿನಿಯರುಗಳ ವಿಚಾರ. ಒಳಬಂದ ಪ್ರತಿ ಉಬ್ಬರ ಒಂದಿಷ್ಟು ಹೂಳು ಬಿಟ್ಟುಹೋಗಿ ನೆಲ ಎತ್ತರವಾಗುತ್ತಿದೆ. ಕಡಿದ ಕಡೆ ಹಳೆಯ ಏರಿಯ ಮೇಲಿನ ದಾರಿ ತುಂಡಾಗಿದೆ. ನಡೆಯುವವರಿಗೆ ಈಗ ಒಳಗಿನ ಹೊಸ ಏರಿಯುದ್ದಕ್ಕೂ ದಾರಿ ಮಾಡಿಕೊಟ್ಟಿದ್ದಾರೆ.